ಹುಬ್ಬಳ್ಳಿ–ಬೆಂಗಳೂರು ಬರೀ 58 ನಿಮಿಷವಂತೆ! ವಿಮಾನದ ದೂರ ಹೇಳುವ ವೆಬ್‌ಸೈಟುಗಳ ಬಗ್ಗೆ ಶಿರಸಿಯಿಂದ ಒಂದು ರಿವ್ಯೂ

ಎರಡು ಏರ್‌ಪೋರ್ಟ್ ಹೆಸರು ಹಾಕಿ ಬಟನ್ ಒತ್ತಿದರೆ ನಡುವಿನ ದೂರ ಇಷ್ಟು, ಹಾರಾಟಕ್ಕೆ ಇಷ್ಟು ಹೊತ್ತು ಅಂತ ಹೇಳುವ ವೆಬ್‌ಸೈಟುಗಳು ಈಗ ರಾಶಿ ಇವೆ. ಎಲ್ಲ ಹೆಚ್ಚುಕಡಿಮೆ ಒಂದೇ ನಮೂನೆ. ಮೇಲೆ ಎರಡು ಖಾಲಿ ಡಬ್ಬಿ, ನಡುವೆ ಒಂದು ನಕ್ಷೆ, ನಕ್ಷೆ ಮೇಲೊಂದು ಬಿಲ್ಲಿನ ಹಾಗೆ ಬಾಗಿದ ಗೆರೆ, ಕೆಳಗೆ ಜಾಹೀರಾತು. ನಮ್ಮ ಮನೆ ಕಡೆ ಯಾರು ವಿಮಾನ ಹತ್ತಬೇಕಾದರೂ ಟಿಕೆಟ್ ಮಾಡಿಕೊಡುವ ಕೆಲಸ ನನ್ನ ತಲೆಗೇ ಬರುತ್ತದೆ. ಹಾಗಾಗಿ ಇಂಥವನ್ನು ಬಹಳ ಸಲ ಬಳಸಿದ್ದೇನೆ. ಹೆಸರು ಹಿಡಿದು ಒಂದನ್ನು ಬೈಯುವುದಿಲ್ಲ, ಯಾಕೆಂದರೆ ಒಂದರ ತಪ್ಪು ಇನ್ನೊಂದರಲ್ಲೂ ಹಾಗೇ ಇದೆ. ಶಿರಸಿ, ಕಾರವಾರ, ಕುಮಟಾ, ಭಟ್ಕಳದ ಕಡೆಯವರು ಇವನ್ನು ಯಾವುದಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು ಅಂತ ಹೇಳುತ್ತೇನೆ.

ಮೊದಲು ಹುಬ್ಬಳ್ಳಿ–ಬೆಂಗಳೂರು. ನೇರ ದೂರ ಸುಮಾರು 370 ಕಿ.ಮೀ. ಅನ್ನುತ್ತದೆ, ಸರಿ ಇದೆ. ಸಮಯ 58 ನಿಮಿಷ ಅನ್ನುತ್ತದೆ. ಈ 58 ಎಲ್ಲಿಂದ ಬಂತು? ಯಾವ ಕಂಪನಿಯ ವೇಳಾಪಟ್ಟಿಯಿಂದಲೂ ಅಲ್ಲ. ಎರಡೂ ಕಡೆಯ ಅಕ್ಷಾಂಶ ರೇಖಾಂಶ ತಗೊಂಡು ಭೂಮಿಯ ಉಬ್ಬನ್ನೂ ಲೆಕ್ಕಕ್ಕೆ ಹಿಡಿದು ಅತಿ ಹತ್ತಿರದ ಗೆರೆ ಎಳೆಯುತ್ತಾರೆ. ಬಂದ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುತ್ತಾರೆ. ಮೇಲೇರಲಿಕ್ಕೆ, ಇಳಿಯಲಿಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತಾರೆ. ಅಷ್ಟೇ. 370ಕ್ಕೆ 28 ನಿಮಿಷ, ಮೇಲೆ 30, ಒಟ್ಟು 58. ಇಷ್ಟಕ್ಕೆ ವೆಬ್‌ಸೈಟೂ ಬೇಕಾಗಿಲ್ಲ, ಕ್ಯಾಲ್ಕುಲೇಟರ್ ಸಾಕು.

ಲೆಕ್ಕ ತಪ್ಪು ಅಂತಲ್ಲ. ದೂರ ಜಾಸ್ತಿ ಇದ್ದಾಗ ಇದು ಚೆನ್ನಾಗಿಯೇ ಕೂರುತ್ತದೆ. ಮಂಗಳೂರಿನಿಂದ ದುಬೈಗೆ ಹಾಕಿ ನೋಡಿ. ಎರಡೂವರೆ ಸಾವಿರ ಕಿ.ಮೀ. ಆಸುಪಾಸು, ಮೂರೂವರೆ ಗಂಟೆ ಚಿಲ್ಲರೆ ಅನ್ನುತ್ತದೆ. ಭಟ್ಕಳದ ಎಷ್ಟೋ ಮನೆಗಳಲ್ಲಿ ಗಲ್ಫ್‌ಗೆ ಹೋಗಿ ಬರುವವರು ಇದ್ದಾರೆ, ಅವರನ್ನೇ ಕೇಳಿದರೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತಾರೆ. ಹೋಗುವಾಗ ಎದುರುಗಾಳಿ ಸಿಕ್ಕರೆ ಸ್ವಲ್ಪ ಜಾಸ್ತಿ, ಬರುವಾಗ ಅದೇ ಗಾಳಿ ಬೆನ್ನಿಗೆ ಬಂದರೆ ಸ್ವಲ್ಪ ಕಡಿಮೆ. ದೊಡ್ಡ ಜೆಟ್ ವಿಮಾನ ಬಹಳ ಹೊತ್ತು ಒಂದೇ ವೇಗದಲ್ಲಿ ಹೋಗುವುದರಿಂದ ಸರಾಸರಿ ಲೆಕ್ಕ ಹೊಂದುತ್ತದೆ.

ಎಡವಟ್ಟಾಗುವುದು ಸಣ್ಣ ಏರ್‌ಪೋರ್ಟುಗಳಲ್ಲಿ. ಹುಬ್ಬಳ್ಳಿಯಿಂದ ಬೆಳಗಾವಿಗೆ ಹಾಕಿ. 75 ಕಿ.ಮೀ., ಸುಮಾರು 36 ನಿಮಿಷ. ಈ ಎರಡು ಊರಿನ ನಡುವೆ ವಿಮಾನ ಹತ್ತುವವರು ಯಾರು ಸ್ವಾಮಿ? ರಸ್ತೆಯಲ್ಲಿ ನೂರು ಕಿ.ಮೀ. ಆಸುಪಾಸು, ಹೆದ್ದಾರಿ, ಬಸ್ಸು ಒಂದರ ಹಿಂದೆ ಒಂದು. ಇನ್ನೂ ಮಜಾ ಬೇಕೆಂದರೆ ಗೋವಾದ ದಾಬೋಳಿಯಿಂದ ಅದೇ ಗೋವಾದ ಮೋಪಾಕ್ಕೆ ಹಾಕಿ. ದೂರ 40 ಕಿ.ಮೀ., ಹಾರಾಟ 33 ನಿಮಿಷ! ಅದರಲ್ಲಿ ಮೂರೇ ನಿಮಿಷ ಹಾರುವುದು, ಉಳಿದ ಮೂವತ್ತು ಸೂತ್ರದ ಕೊಡುಗೆ. ಅದರ ಕೆಳಗೇ ‘ಅಗ್ಗದ ಟಿಕೆಟ್ ಹುಡುಕಿ’ ಅಂತ ಒಂದು ಹಸಿರು ಬಟನ್. ಒತ್ತಿದರೆ ಒಂದು ಕಂಪನಿಯ ಟಿಕೆಟ್ ಪುಟಕ್ಕೆ ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ಈ ದಾರಿಯಲ್ಲಿ ವಿಮಾನ ಇದೆಯೋ ಇಲ್ಲವೋ ಅಂತ ಒಂದು ಸಾಲು ಬರೆಯಲಿಕ್ಕೆ ಇವರಿಗೆ ಏನು ಕಷ್ಟ? ನನ್ನ ಮಟ್ಟಿಗೆ ಇದೇ ಇವುಗಳ ದೊಡ್ಡ ದೋಷ. ಸುಮ್ನೆ ಗೆರೆ ಎಳೆದು ಸಮಯ ಬರೆದರೆ ಓದಿದವರು ವಿಮಾನ ಇದೆ ಅಂತಲೇ ಅಂದುಕೊಳ್ಳುತ್ತಾರೆ.

ಎರಡನೆಯ ದೋಷ ವೇಗದ್ದು. ಸಣ್ಣ ಏರ್‌ಪೋರ್ಟುಗಳಿಗೆ ಬರುವುದು ಬಹಳ ಸಲ ಎಟಿಆರ್ ವಿಮಾನ. ರೆಕ್ಕೆ ಮೇಲ್ಗಡೆ, ಎರಡು ಪಂಖ ತಿರುಗುತ್ತಿರುತ್ತವೆ, ಎಪ್ಪತ್ತು ಚಿಲ್ಲರೆ ಸೀಟು, ಹತ್ತುವ ಬಾಗಿಲು ಹಿಂದುಗಡೆ. ಅದು ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುತ್ತದೆ, 800 ಹೋಗುವುದಿಲ್ಲ. ಶಿವಮೊಗ್ಗ–ಬೆಂಗಳೂರು ತಗೊಳ್ಳಿ. ಸೋಗಾನೆಯ ಆ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಮೊದಲ ಪ್ರಯಾಣಿಕರ ವಿಮಾನ ಬಂದಿದ್ದು ಆಗಸ್ಟ್ 31ಕ್ಕೆ, ಅದೂ ಎಟಿಆರ್. ನೇರ ದೂರ 240 ಕಿ.ಮೀ. ಹತ್ತಿರ. ವೆಬ್‌ಸೈಟು ಹೇಳುವುದು 48 ನಿಮಿಷ. ನೀವೇ 500ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ, ಒಂದು ಗಂಟೆ ಬರುತ್ತದೆ. ಟಿಕೆಟಿನ ಮೇಲಿನ ಸಮಯಕ್ಕೆ ಇದೇ ಹತ್ತಿರ. ವಿಮಾನ ಯಾವುದು ಅಂತ ಆರಿಸುವ ಒಂದು ಸಣ್ಣ ಪಟ್ಟಿ ಕೊಟ್ಟಿದ್ದರೆ ಈ ತಪ್ಪು ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ನಮ್ಮ ಜಿಲ್ಲೆಯ ಕತೆ. ಉತ್ತರ ಕನ್ನಡದಲ್ಲಿ ಪ್ರಯಾಣಿಕರ ಏರ್‌ಪೋರ್ಟ್ ಇಲ್ಲ. ನಾವು ಎಲ್ಲಿಗೆ ಹಾರಬೇಕಾದರೂ ಮೊದಲು ಹುಬ್ಬಳ್ಳಿ, ಗೋವಾ, ಮಂಗಳೂರು, ಈಗ ಶಿವಮೊಗ್ಗ, ಈ ನಾಲ್ಕರಲ್ಲಿ ಒಂದಕ್ಕೆ ರಸ್ತೆಯಲ್ಲೇ ಹೋಗಬೇಕು. ಈ ವೆಬ್‌ಸೈಟುಗಳಲ್ಲಿ ‘ಹತ್ತಿರದ ಏರ್‌ಪೋರ್ಟ್’ ಅಂತ ಇನ್ನೊಂದು ಸೌಲಭ್ಯ ಇದೆ. ಊರಿನ ಹೆಸರು ಹಾಕಿದರೆ ಪಟ್ಟಿ ಕೊಡುತ್ತದೆ. ಅದನ್ನಂತೂ ದಯವಿಟ್ಟು ನಂಬಬೇಡಿ.

ಯಾಕೆ ಅಂದರೆ ಅದೂ ನೇರ ಗೆರೆಯೇ. ಕಾರವಾರದಿಂದ ಹುಬ್ಬಳ್ಳಿ ಏರ್‌ಪೋರ್ಟಿಗೆ ಗೆರೆ ಎಳೆದರೆ 120 ಕಿ.ಮೀ. ರಸ್ತೆಯಲ್ಲಿ ಅಂಕೋಲಾಕ್ಕೆ ಬಂದು, ಅರಬೈಲ್ ಘಾಟಿ ಹತ್ತಿ, ಯಲ್ಲಾಪುರ ಕಲಘಟಗಿ ದಾಟಿ ಹೋಗುವಷ್ಟರಲ್ಲಿ 160ರ ಮೇಲೆ ಆಗುತ್ತದೆ. ಭಟ್ಕಳದಿಂದ ಮಂಗಳೂರು ಏರ್‌ಪೋರ್ಟಿಗೂ ಗೆರೆಯಲ್ಲಿ ಅಷ್ಟೇ, 120ರ ಹತ್ತಿರ. ಆದರೆ ಅದು ಕರಾವಳಿ ಗುಂಟ ಹೋಗುವ ರಸ್ತೆ, ಘಾಟಿ ಇಲ್ಲ. ಹಾಗಾಗಿ ನೂರಾ ನಲವತ್ತರ ಆಸುಪಾಸಿಗೆ ಮುಗಿದುಹೋಗುತ್ತದೆ. ಗೆರೆಯಲ್ಲಿ ಸಮ ಸಮ, ರಸ್ತೆಯಲ್ಲಿ ಅಜಗಜಾಂತರ. ಸಹ್ಯಾದ್ರಿ ಅಡ್ಡ ಬಂದ ಕೂಡಲೇ ಲೆಕ್ಕ ಕೆಟ್ಟಿತು ಅಂತಲೇ ತಿಳಿಯಿರಿ.

ಅದರ ಮೇಲೆ ಮಳೆಗಾಲ. 2021ರ ಜುಲೈಯಲ್ಲಿ ಅರಬೈಲ್ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಹೋಗಿತ್ತು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮುಚ್ಚಿತು, ಜೀವಗಳೂ ಹೋದವು. ಮುಂದಿನ ತಿಂಗಳು, ಆಗಸ್ಟ್ 7ರ ಬೆಳಗಿನ ಜಾವ, ಕಾರವಾರದ ಹಳೆ ಕಾಳಿ ಸೇತುವೆ ಮುರಿದು ಬಿತ್ತು. ಕಾರವಾರದಿಂದ ಗೋವಾ ಏರ್‌ಪೋರ್ಟಿಗೆ ಹೋಗುವವರ ದಾರಿಯೇ ಅದು. ಹೊಸ ಸೇತುವೆ ಇತ್ತು ಅಂತ ಪುಣ್ಯ. ದೇವಿಮನೆ ಘಾಟಿಯನ್ನು ಅಗಲ ಮಾಡಲಿಕ್ಕೆ ಅಂತ ಮುಚ್ಚಿದಾಗ ಶಿರಸಿಯಿಂದ ಕುಮಟಾಕ್ಕೆ ಸುತ್ತು ಬಳಸಿ ಹೋಗಿದ್ದು ಇಲ್ಲಿನವರಿಗೆ ಗೊತ್ತೇ ಇದೆ. ಇವೆಲ್ಲ ಅಕ್ಷಾಂಶ ರೇಖಾಂಶದ ಸೂತ್ರಕ್ಕೆ ಎಲ್ಲಿ ಗೊತ್ತಾಗಬೇಕು.

ಶಿರಸಿಯಿಂದ ಬೆಂಗಳೂರಿಗೆ ಆ ‘58 ನಿಮಿಷ’ದ ವಿಮಾನದಲ್ಲಿ ಹೋಗುವುದು ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ನೂರು ಕಿ.ಮೀ. ಆಸುಪಾಸು, ಗೋಕುಲ ರಸ್ತೆಯ ಏರ್‌ಪೋರ್ಟ್ ಗೇಟಿಗೆ ಎರಡೂವರೆ ಗಂಟೆ ಹಿಡಿಯಿರಿ. ದೇಶದ ಒಳಗಿನ ವಿಮಾನಕ್ಕೆ ಚೆಕ್‌ಇನ್ ಕೌಂಟರ್ ಹೊರಡುವ ಒಂದು ಗಂಟೆ ಮೊದಲೇ ಮುಚ್ಚಬಹುದು. ಹಾಗಾಗಿ ಒಂದೂವರೆ ಗಂಟೆ ಮೊದಲು ಅಲ್ಲಿರಬೇಕು. ಆಮೇಲೆ ಟಿಕೆಟಿನಲ್ಲಿ ಬರೆದ ಒಂದು ಗಂಟೆ ಚಿಲ್ಲರೆ ಹಾರಾಟ. ಇಳಿದ ಮೇಲೆ ಬ್ಯಾಗಿಗೆ ಕಾಯುವುದು, ದೇವನಹಳ್ಳಿಯಿಂದ ಊರೊಳಗೆ 35–40 ಕಿ.ಮೀ. ಅದಕ್ಕೆ ಬೆಂಗಳೂರಿನ ಟ್ರಾಫಿಕ್ ಸೇರಿಸಿದರೆ ಒಂದೂವರೆ ಗಂಟೆಯಿಂದ ಎರಡು ಗಂಟೆ. ಒಟ್ಟು ಕೂಡಿಸಿ. ಏಳು ಗಂಟೆ ಸಮೀಪ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಊಟ ಮಾಡಿ ಸ್ಲೀಪರ್ ಬಸ್ ಹತ್ತಿದವನು ಎಂಟು ಒಂಬತ್ತು ಗಂಟೆಯಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾನೆ, ಅದೂ ಮಲಗಿಕೊಂಡು, ಟ್ಯಾಕ್ಸಿ ದುಡ್ಡೂ ಇಲ್ಲ. ಕಾರವಾರ, ಕುಮಟಾದವರಿಗೆ ರಾತ್ರಿ ಪಂಚಗಂಗಾ ರೈಲು ಇದೆ. ವಿಮಾನದಿಂದ ಉಳಿಯುವುದು ಹೆಚ್ಚೆಂದರೆ ಎರಡು ಗಂಟೆ, ಅದಕ್ಕೆ ಖರ್ಚು ಎಷ್ಟು ಪಟ್ಟು ಅಂತ ನೀವೇ ನೋಡಿಕೊಳ್ಳಿ.

ಹಾಗಂತ ವಿಮಾನವೇ ಬೇಡ ಅಂತ ಅಲ್ಲ. ಬೆಂಗಳೂರಿಗೆ ಬೇಡ, ಅದರಾಚೆಗೆ ಬೇಕು. ಮುಂಬೈ, ದೆಹಲಿ, ಹೈದರಾಬಾದ್ ಅಂದರೆ ಲೆಕ್ಕ ಪೂರ್ತಿ ಬೇರೆ, ಅಲ್ಲಿ ಘಾಟಿ ರಸ್ತೆಯ ಮೂರು ಗಂಟೆ ಸೇರಿಸಿದರೂ ವಿಮಾನವೇ ಲೇಸು. ಬೆಂಗಳೂರು ಏರ್‌ಪೋರ್ಟಿನಲ್ಲೇ ಇನ್ನೊಂದು ವಿಮಾನ ಹಿಡಿಯುವವರಿಗೂ ಹುಬ್ಬಳ್ಳಿಯಿಂದ ಹಾರುವುದು ಒಳ್ಳೆಯದೇ, ಪೇಟೆ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ತಾಪತ್ರಯ ಇಲ್ಲ.

ಗೋವಾದ ವಿಷಯ ಬೇರೆಯೇ ಹೇಳಬೇಕು. ಅಲ್ಲಿ ಈಗ ಎರಡು ಏರ್‌ಪೋರ್ಟ್. ದಾಬೋಳಿ ಹಳೆಯದು, ನೌಕಾಪಡೆಯದು. ಮೋಪಾ 2023ರ ಜನವರಿಯಲ್ಲಿ ಶುರುವಾಗಿದ್ದು, ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ದೂರದ ವೆಬ್‌ಸೈಟುಗಳು ಕೆಲವು ಕಡೆ ಬರೀ ‘ಗೋವಾ’ ಅಂತ ತೋರಿಸುತ್ತವೆ, ಒಳಗೆ ಯಾವುದನ್ನು ಹಿಡಿದಿವೆ ಅಂತ ಕೋಡ್ ನೋಡಿದರೆ ಮಾತ್ರ ಗೊತ್ತು. ದಾಬೋಳಿ ಅಂದರೆ ಜಿಒಐ, ಮೋಪಾ ಅಂದರೆ ಜಿಒಎಕ್ಸ್. ಕುಮಟಾದ ನಮ್ಮ ಭಾವ ಒಬ್ಬರು ಇಂಥದ್ದೇ ಒಂದು ಪುಟ ನೋಡಿ, ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಮುಂಬೈಯಿಂದ ಟಿಕೆಟ್ ಮಾಡಿಸಿಬಿಟ್ಟಿದ್ದರು. ಇಳಿಯುವುದು ಮೋಪಾದಲ್ಲಿ. ನಾನು ಹೇಳಿದಾಗ, “ಗೋವಾ ಅಂದ್ರೆ ಗೋವಾ ಅಲ್ದಾ ಮಾರಾಯಾ, ಎಲ್ಲಿ ಇಳಿದ್ರೆ ಏನು?” ಅಂದರು. ದಾಬೋಳಿಯಿಂದ ಕುಮಟಾಕ್ಕೆ ರಸ್ತೆಯಲ್ಲಿ ನೂರಾ ಅರವತ್ತರ ಹತ್ತಿರ. ಮೋಪಾದಿಂದ ಬಂದರೆ ಮಾಂಡವಿ, ಜುವಾರಿ ಎರಡೂ ದಾಟಿ ಇನ್ನೂ ನಲವತ್ತು ಕಿ.ಮೀ.ಗೂ ಜಾಸ್ತಿ. ಜುವಾರಿಯ ಹೊಸ ಸೇತುವೆ ಆದ ಮೇಲೆ ಅಲ್ಲಿ ನಿಂತು ಕಾಯುವ ಗೋಳು ಕಡಿಮೆಯಾಗಿದೆ, ನಿಜ. ಆದರೆ ರಾತ್ರಿ ಇಳಿದು, ಮಡಗಾಂವ್ ದಾಟಿ, ಕರಮಲ್ ಘಾಟಿಯ ತಿರುವು ಮುಗಿಸಿ, ಕಾಣಕೋಣ, ಮಾಜಾಳಿ ಚೆಕ್‌ಪೋಸ್ಟ್ ಕಳೆದು ಕಾರವಾರಕ್ಕೆ ಬರುವ ಹೊತ್ತಿಗೆ ಭಾವನ ಕಡಿಮೆ ದುಡ್ಡಿನ ಟಿಕೆಟ್ ಟ್ಯಾಕ್ಸಿಯವನ ಪಾಲಾಗಿತ್ತು. ಮುಂಬೈಯಿಂದ ಹಾರಿದ ಹೊತ್ತಿಗಿಂತ ಮೋಪಾದಿಂದ ಕುಮಟಾಕ್ಕೆ ಕಾರಿನಲ್ಲಿ ಕೂತ ಹೊತ್ತೇ ದುಪ್ಪಟ್ಟಿಗಿಂತ ಜಾಸ್ತಿ.

ಕಾರವಾರದವರಿಗೆ ಮಾತ್ರ ದಾಬೋಳಿ ನಿಜವಾಗಿಯೂ ಹತ್ತಿರ. ಗೆರೆಯಲ್ಲಿ ಎಪ್ಪತ್ತು ಚಿಲ್ಲರೆ, ರಸ್ತೆಯಲ್ಲಿ ತೊಂಬತ್ತರ ಸುತ್ತಮುತ್ತ. ಪಟ್ಟಿಯಲ್ಲೂ ಅದೇ ಮೊದಲು ಬರುತ್ತದೆ. ಈ ಒಂದು ಕಡೆ ವೆಬ್‌ಸೈಟಿಗೆ ಫುಲ್ ಮಾರ್ಕ್ಸ್.

ಇನ್ನು ಇವುಗಳಿಂದ ಉಪಯೋಗ ಏನೂ ಇಲ್ಲವಾ? ಇದೆ. ವಿಮಾನ ರದ್ದಾದಾಗ ಸಿಗುವ ಪರಿಹಾರಕ್ಕೂ ಹಾರಾಟದ ಅವಧಿಗೂ ಸಂಬಂಧ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ. ಅದರ ನಿಯಮದಲ್ಲಿ, ಸರಿಯಾಗಿ ಮುಂಚೆ ತಿಳಿಸದೆ ರದ್ದು ಮಾಡಿದರೆ, ಅವಧಿ ಒಂದು ಗಂಟೆಯೊಳಗಿದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆ ಇದ್ದರೆ 7,500, ಎರಡು ಗಂಟೆ ಮೀರಿದರೆ 10,000. ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ, ಮಳೆಗಾಲದಲ್ಲಿ ಹುಬ್ಬಳ್ಳಿಗೆ ಹೊರಟವರು ಇದನ್ನು ನೆನಪಿಡಬೇಕು. ಇಲ್ಲಿ ಅವಧಿ ಅಂದರೆ ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಆ ಕಡೆ ಹೋಗಿ ನಿಲ್ಲುವ ತನಕ. ಹಾಗಾಗಿ ವೆಬ್‌ಸೈಟಿನ 58 ನಿಮಿಷ ನಂಬಿದರೆ ಹುಬ್ಬಳ್ಳಿ–ಬೆಂಗಳೂರು ಮೊದಲ ಗುಂಪಿಗೆ ಬೀಳುತ್ತದೆ. ಟಿಕೆಟಿನ ಮೇಲಿನ ಒಂದು ಗಂಟೆ ಚಿಲ್ಲರೆ ಹಿಡಿದರೆ ಎರಡನೆಯ ಗುಂಪಿಗೆ. ಕೌಂಟರಿನಲ್ಲಿ ಮಾತಾಡುವಾಗ ಟಿಕೆಟ್ ತೋರಿಸಿ, ವೆಬ್‌ಸೈಟಿನ ಪುಟ ತೋರಿಸಬೇಡಿ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕು ಅಂತಲೂ ನಿಯಮ ಇದೆ. ಕೇಳಿದರೆ ಕೊಡುತ್ತಾರೆ. ಕೇಳದಿದ್ದರೆ, ಗೊತ್ತಲ್ಲ.

ಇನ್ನೊಂದು ಉಪಯೋಗಕ್ಕೆ ದುಡ್ಡಿನ ಸಂಬಂಧ ಇಲ್ಲ, ಸುಮ್ನೆ ಖುಷಿ. ನಕ್ಷೆ ಮೇಲಿನ ಗೆರೆ ಹಿಗ್ಗಿಸಿ ನೋಡುವುದು. 2023ರ ನವೆಂಬರ್‌ನಲ್ಲಿ ಸ್ಟಾರ್ ಏರ್‌ನವರು ಶಿವಮೊಗ್ಗದಿಂದ ಗೋವಾಕ್ಕೆ ವಿಮಾನ ಶುರು ಮಾಡಿದರು. ಆ ಎರಡು ಊರು ಹಾಕಿ ಗೆರೆ ನೋಡಿ. ದಾಬೋಳಿಗೆ ಎಳೆದರೂ ಮೋಪಾಕ್ಕೆ ಎಳೆದರೂ ಅದು ಹಾದು ಹೋಗುವುದು ಶಿರಸಿಯ ಪಕ್ಕದಲ್ಲೇ, ಹತ್ತು ಕಿ.ಮೀ. ಆಚೀಚೆ. ಮಧ್ಯದಲ್ಲೇ ಸಿಗುವ ನಮಗೆ ಹತ್ತಲಿಕ್ಕೂ ಇಲ್ಲ, ಇಳಿಯಲಿಕ್ಕೂ ಇಲ್ಲ. ಆ ವಿಮಾನ ಹತ್ತಬೇಕೆಂದರೆ ಸಿದ್ದಾಪುರ, ಸಾಗರ ದಾಟಿ ನೂರೈವತ್ತು ಕಿ.ಮೀ. ತಿರುಗಿ ದಕ್ಷಿಣಕ್ಕೆ ಹೋಗಿ, ಮತ್ತೆ ನಮ್ಮ ತಲೆ ಮೇಲೇ ಹಾರಿ ಬರಬೇಕು. ಪೈಲಟ್‌ಗಳು ಗೆರೆ ಹಿಡಿದೇ ಹಾರುತ್ತಾರೆ ಅಂತಿಲ್ಲ, ಅವರಿಗೆ ಗೊತ್ತುಪಡಿಸಿದ ದಾರಿ ಬೇರೆ ಇರುತ್ತದೆ. ಸಣ್ಣ ಏರ್‌ಪೋರ್ಟಿನ ವಿಮಾನಗಳ ವೇಳೆಯೂ ವಾರಗಳೂ ಆಗಾಗ ಬದಲಾಗುತ್ತವೆ, ಅದನ್ನು ಕಂಪನಿಯ ಪುಟದಲ್ಲೇ ನೋಡಬೇಕು.

ಚಿಕ್ಕಪುಟ್ಟ ಕಿರಿಕಿರಿಗಳೂ ಇವೆ. 2014ರ ನವೆಂಬರ್ 1ಕ್ಕೇ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಮಂಗಳೂರು ಅಂತ ಇಂಗ್ಲಿಷಿನಲ್ಲೂ ಹೆಸರು ಬದಲಾಯಿತು. ಎಷ್ಟೋ ವೆಬ್‌ಸೈಟುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಹೊಸ ಹೆಸರು ಹಾಕಿದರೆ ‘ಸಿಗಲಿಲ್ಲ’ ಅನ್ನುತ್ತವೆ, ಹಳೆಯದು ಹಾಕಿದರೆ ಓಡಿ ಬರುತ್ತವೆ. ದೂರ ಕೊಡುವಾಗ ಮೈಲಿಯನ್ನು ದಪ್ಪ ಅಕ್ಷರದಲ್ಲಿ, ಕಿಲೋಮೀಟರನ್ನು ಕೆಳಗೆ ಸಣ್ಣದಾಗಿ ಬರೆಯುತ್ತಾರೆ. ಅದರ ಜೊತೆ ನಾಟಿಕಲ್ ಮೈಲಿ ಅಂತ ಇನ್ನೊಂದು ಇರುತ್ತದೆ, ಒಂದಕ್ಕೆ 1.852 ಕಿ.ಮೀ. ಅವಸರದಲ್ಲಿ ಯಾವುದನ್ನೋ ಓದಿ ಯಾವುದನ್ನೋ ಹೇಳುವ ಹಾಗಾಗುತ್ತದೆ. ಮೊಬೈಲಿನಲ್ಲಿ ತೆರೆದರೆ ಜಾಹೀರಾತು ಅರ್ಧ ಪರದೆ ತಿಂದು ಹಾಕುತ್ತದೆ. ಘಟ್ಟದ ಮೇಲೆ ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಕಡೆ ನಕ್ಷೆ ಬರುವಷ್ಟರಲ್ಲಿ ಒಂದು ಲೋಟ ಚಾ ಮುಗಿಯುತ್ತದೆ. ಇನ್ನು ಕೆಲವು ಪುಟಗಳು ಇದೇ ಎರಡು ಅಂಕಿಯನ್ನು ಹತ್ತು ವಾಕ್ಯದಲ್ಲಿ ತಿರುಗಿಸಿ ಮುರುಗಿಸಿ ಬರೆದಿರುತ್ತವೆ, ಓದಿದರೆ ತಲೆನೋವು.

ಒಳ್ಳೆಯ ಗುಣ ಒಂದು ಹೇಳಲೇಬೇಕು. ದುಡ್ಡು ಕೇಳುವುದಿಲ್ಲ, ಲಾಗಿನ್ ಕೇಳುವುದಿಲ್ಲ. ಕೆಲವದರಲ್ಲಿ ಏರ್‌ಪೋರ್ಟ್ ಹೆಸರಿನ ಬದಲು ನಕ್ಷೆ ಮೇಲೆ ಬೇಕಾದ ಜಾಗಕ್ಕೆ ಬೆರಳು ಒತ್ತಿ ದೂರ ನೋಡಬಹುದು. ಶಾಲೆ ಮಕ್ಕಳಿಗೆ ಭೂಗೋಳ ಹೇಳಿಕೊಡಲಿಕ್ಕೆ ಇದು ಬಹಳ ಒಳ್ಳೆಯದು. ಹುಬ್ಬಳ್ಳಿ–ದೆಹಲಿ ಗೆರೆ ನೆಟ್ಟಗೆ, ದೆಹಲಿ–ನ್ಯೂಯಾರ್ಕ್ ಗೆರೆ ಮಾತ್ರ ಉತ್ತರಕ್ಕೆ ಉಬ್ಬಿಕೊಂಡು ಯಾಕೆ ಹೋಗುತ್ತದೆ ಅಂತ ಅಣ್ಣನ ಮಗಳು ಕೇಳಿದಳು. ಒಂದು ಚೆಂಡು, ಒಂದು ದಾರ ತಗೊಂಡು ತೋರಿಸಿದರೆ ಎರಡೇ ನಿಮಿಷಕ್ಕೆ ಅರ್ಥವಾಯಿತು.

ಅದೇ ಸೌಲಭ್ಯದಲ್ಲಿ ನಾನು ಅಂಕೋಲಾ ಪಕ್ಕದ ಅಲಗೇರಿ ಮೇಲೆ ಬೆರಳು ಒತ್ತಿ ನೋಡಿದೆ. ಅಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ ಮಾಡಿ, ಜೊತೆಗೆ ಪ್ರಯಾಣಿಕರ ವಿಮಾನಕ್ಕೂ ಜಾಗ ಕೊಡುವ ಯೋಜನೆ ಇದೆ, ಕರಾವಳಿಯಲ್ಲಿ ವರ್ಷಗಟ್ಟಲೆಯಿಂದ ಇದೇ ಮಾತು. ಅಲ್ಲಿಂದ ಬೆಂಗಳೂರಿಗೆ ನೇರ ಗೆರೆ ನಾನೂರು ಕಿ.ಮೀ. ಆಸುಪಾಸು. ವೆಬ್‌ಸೈಟಿನ ಲೆಕ್ಕದಲ್ಲಿ ಒಂದು ಗಂಟೆ, ಎಟಿಆರ್ ಬಂದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಂಕೋಲಾ, ಕಾರವಾರ, ಗೋಕರ್ಣದವರಿಗೆ ಆಗ ಮನೆಯಿಂದ ಮನೆಗೆ ಎಣಿಸಿದರೂ ಬಸ್ಸಿಗಿಂತ ಬಹಳ ಉಳಿಯುತ್ತದೆ. ಶಿರಸಿಯವರು ಮಾತ್ರ ಅಲ್ಲಿಗೆ ಹೋಗಲಿಕ್ಕೂ ಒಂದು ಘಾಟಿ ಇಳಿಯಲೇಬೇಕು. ಅಷ್ಟರಲ್ಲಿ ದೇವಿಮನೆ ರಸ್ತೆ ಪೂರ್ತಿ ಆಗಿದ್ದರೆ ಅಲಗೇರಿ, ಇಲ್ಲದಿದ್ದರೆ ನಮಗೆ ಹುಬ್ಬಳ್ಳಿಯೇ ಗತಿ.

ನನ್ನ ರೇಟಿಂಗ್ ಕೇಳಿದರೆ, ದೂರಕ್ಕೆ ಐದರಲ್ಲಿ ನಾಲ್ಕೂವರೆ, ಹಾರಾಟದ ಸಮಯಕ್ಕೆ ಎರಡು, ‘ಹತ್ತಿರದ ಏರ್‌ಪೋರ್ಟ್’ ಪಟ್ಟಿಗೆ ಒಂದು. ಆ ಒಂದು ಕೂಡ ಕಾರವಾರದವರ ಲೆಕ್ಕಕ್ಕೆ.